ಕೆರೆಗೋಡಿನ ಆಮೆಗಳು

ಮೇ ತಿಂಗಳ ಕೊನೆಗೆ ಬಿದ್ದ ಮೊದಲ ಮಳೆ ಅತ್ತಿಕೊಪ್ಪದ ಹೊಲಗಳನ್ನೆಲ್ಲ ಒಂದೇ ಸಂಜೆಗೆ ತೋಯಿಸಿಬಿಟ್ಟಿತು. ಮಾರನೆಯ ಬೆಳಿಗ್ಗೆ ಲೋಕಮ್ಮ ಚಹಾ ಕುಡಿದ ಲೋಟವನ್ನು ತೊಳೆಯಲೂ ಇಲ್ಲ, ಬಚ್ಚಲ ಕಟ್ಟೆಯ ಮೇಲೆ ಕುಕ್ಕಿ ಹೊಲದ ಕಡೆ ಹೊರಟಳು. ಕೆರೆಯಿಂದ ತಂದು ಸುರಿಸಿದ್ದ ಗೋಡಿನ ಗುಡ್ಡೆಗಳು ಮಳೆಗೆ ಎಷ್ಟು ಮೆತ್ತಗಾಗಿವೆ ನೋಡಬೇಕಿತ್ತು. ಗೋಡೆಂದರೆ ಕೆರೆಯ ತಳದಲ್ಲಿ ವರ್ಷಗಟ್ಟಲೆ ಕೂತ ಕಪ್ಪು ಹೂಳು. ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಬೇಕಿಲ್ಲ. ಮೆತ್ತಗಾಗಿದ್ದರೆ ಟ್ರ್ಯಾಕ್ಟರ್ ತರಿಸಿ ಹರವಿ, ಮಣ್ಣಿಗೆ ಕಲೆಸಿ, ಗೋವಿನಜೋಳ ಬಿತ್ತಬಹುದು.

ಸೊರಬ ತಾಲ್ಲೂಕಿನ ಈ ಸಣ್ಣ ಊರಿಗೆ ಇರುವುದು ಒಂದೇ ಕೆರೆ. ಹತ್ತಿರದ ಗುಡವಿ ಪಕ್ಷಿಧಾಮದಲ್ಲಿ ಗೂಡು ಕಟ್ಟುವ ಹಕ್ಕಿಗಳು ಮೇಯಲು ಇಲ್ಲಿಯವರೆಗೂ ಬರುತ್ತವೆ. ಆದರೆ ಹೂಳು ತುಂಬಿ ತುಂಬಿ, ಯುಗಾದಿ ಕಳೆಯುವುದರೊಳಗೆ ಎಮ್ಮೆ ಮೈ ಮುಳುಗಿಸುವಷ್ಟು ನೀರೂ ಉಳಿಯದ ಕಾಲ ಬಂದಿತ್ತು. ಕೆರೆ ಬಳಕೆದಾರರ ಸಂಘಕ್ಕೆ ಲೋಕಮ್ಮ ಅಧ್ಯಕ್ಷೆಯಾದ ಮೇಲೆ ಸೊರಬದ ಕಚೇರಿ, ಶಿವಮೊಗ್ಗದ ಕಚೇರಿ ಎಂದು ಚಪ್ಪಲಿ ಸವೆಸಿ ಕೊನೆಗೂ ಹೂಳೆತ್ತುವ ಕೆಲಸ ಮಂಜೂರು ಮಾಡಿಸಿಕೊಂಡು ಬಂದಿದ್ದಳು. ಗುತ್ತಿಗೆದಾರ ಚೌಡೇಶ್ ಹೂಳನ್ನು ಇಟ್ಟಿಗೆ ಭಟ್ಟಿಗೆ ಸಾಗಿಸಲು ನೋಡಿದಾಗ ಟಿಪ್ಪರ್‌ಗೆ ಅಡ್ಡ ನಿಂತು, ಗೋಡು ನಮ್ಮೂರ ಹೊಲ ಬಿಟ್ಟು ಆಚೆ ಹೋಗಕೂಡದು ಎಂದು ಹಟ ಹಿಡಿದವಳೂ ಅವಳೇ. ಆ ಗೆಲುವು ಲೋಕಮ್ಮನ ನಡಿಗೆಯಲ್ಲೇ ಕಾಣುತ್ತದೆ ಎಂದು ಊರಲ್ಲಿ ಕೆಲವರು ನಗುತ್ತಿದ್ದರು. ನಗಲಿ ಎಂದುಕೊಂಡಿದ್ದಳು. ಮೊದಲ ಲೋಡುಗಳು ಅವಳ ಹೊಲಕ್ಕೇ ಬಿದ್ದಿದ್ದವು.

ಹೊಲದ ಬದುವಿಗೆ ಕಾಲಿಟ್ಟಾಗ ಎದುರಿಗೆ ಒಂದು ಆಮೆ ನಡೆದು ಬರುತ್ತಿತ್ತು.

ಲೋಕಮ್ಮ ಸೆರಗು ಒಟ್ಟು ಮಾಡಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಹುಟ್ಟಿದಾಗಿನಿಂದ ಕೆರೆ ದಂಡೆಯಲ್ಲಿ ಆಮೆ ನೋಡಿದವಳೇ. ಆದರೆ ನೋಡಿದ್ದೆಂದರೆ ದೂರದಲ್ಲಿ, ಬಂಡೆಯ ಮೇಲೊಂದು ಉಬ್ಬು, ಹತ್ತಿರ ಹೋದರೆ ಬುಳುಕ್ಕೆಂದು ನೀರಿಗೆ. ಇಷ್ಟು ಹತ್ತಿರ, ಇಷ್ಟು ಹೊತ್ತು ಎಂದೂ ನೋಡಿರಲಿಲ್ಲ. ಬೆನ್ನು ಹೊಳೆಯೊಳಗಿನ ಕಲ್ಲಿನಂತೆ ನುಣುಪು, ಹಸಿರೋ ಕಂದೋ ಹೇಳಲಾಗದ ಬಣ್ಣ. ಉದ್ದ ಕತ್ತು ಹೊರಗೆ ಚಾಚಿದಾಗ ಮೂಗು ಪುಟ್ಟ ಕೊಳವೆಯಂತೆ ಮುಂದಕ್ಕೆ ಬಂದಿತ್ತು. ಕಣ್ಣಿನ ಸುತ್ತ ಕೂದಲೆಳೆಯಷ್ಟು ಸಣ್ಣ ಹೊಂಬಣ್ಣದ ಗೆರೆ. ಎತ್ತಿ ಮಗುಚಿದರೆ ಹೊಟ್ಟೆ ಬೆಣ್ಣೆಯಷ್ಟು ಬಿಳಿ. ಹೆದರಿ ಹಿಂಗಾಲು ಒಳಗೆಳೆದುಕೊಂಡಾಗ ಅವುಗಳ ಮೇಲೆ ಎರಡು ಚರ್ಮದ ಮುಚ್ಚಳ ಬಾಗಿಲಿನಂತೆ ಬಂದು ಕೂತವು. ಎಷ್ಟು ಅಚ್ಚುಕಟ್ಟು! ಲೋಕಮ್ಮನಿಗೆ ಒಬ್ಬಳೇ ಇದ್ದರೂ ನಗು ಬಂತು.

ಕೆರೆ ಇರುವುದು ಬಡಗಣಕ್ಕೆ, ಇದು ಹೊರಟಿದ್ದು ತೆಂಕಣಕ್ಕೆ. ದಾರಿ ತಪ್ಪಿದೆಯಲ್ಲ ಎಂದುಕೊಂಡು ಅದು ಬಂದ ಜಾಡನ್ನು ನೋಡಿದಳು. ಹಸಿ ಮಣ್ಣಿನ ಮೇಲೆ ಗೀರಿದಂತಿದ್ದ ಹೆಜ್ಜೆ ಸಾಲು ನೇರವಾಗಿ ಒಂದು ಗೋಡಿನ ಗುಡ್ಡೆಯ ಬುಡಕ್ಕೆ ಹೋಗಿ ನಿಂತಿತ್ತು. ಅಲ್ಲೊಂದು ಬಿಲ. ಬಿಲದ ಪಕ್ಕ, ಒಣಗಿ ಕಲ್ಲಾದ ಹೆಂಟೆಯೊಳಗಿಂದ ಒಂದು ಕಾಲು ಹೊರಗೆ ಚಾಚಿಕೊಂಡಿತ್ತು. ಆ ಕಾಲು ಅಲುಗುತ್ತಿರಲಿಲ್ಲ.

ಬದುವಿನ ಮೇಲಿದ್ದ ಗುದ್ದಲಿ ತಂದು ಹೆಂಟೆ ಒಡೆದಳು. ಒಳಗಿದ್ದ ಆಮೆ ಬಿಸಿಲಿಗೆ ಬೆಂದು ಹಗುರಾಗಿಹೋಗಿತ್ತು. ಅದರ ಆಚೆಗೆ ಇನ್ನೊಂದು. ಅದಕ್ಕಂಟಿಕೊಂಡಂತೆ ಮತ್ತೊಂದು, ಚಿಕ್ಕದು. ಗುಡ್ಡೆಯ ನಡುವಿನ ತಂಪಿನಲ್ಲಿ ಮಾತ್ರ ಒಂದು ಬುಸ್ಸೆಂದು ಉಸಿರು ಬಿಟ್ಟಿತು.

"ಎಂತದೆ ಅದು, ಬೆಳಿಗ್ಗೆ ಬೆಳಿಗ್ಗೆ ಗುಡ್ಡೆ ಬಗೀತಾ ಕೂತೀಯಾ?" ಹಿಂದಿನಿಂದ ಗಂಡ ಉಚ್ಚಂಗಪ್ಪನ ದನಿ.

"ಆಮೆ ಕಣ್ರೀ. ಒಳಗೆಲ್ಲ ಆಮೆ."

"ಕೆರೆ ಅಂದ್ಮೇಲೆ ಆಮೆ ಇರದೆ ಇನ್ನೇನು ಇರ್ತವೆ?"

"ಕೆರೇಲಲ್ಲ. ನಮ್ಮ ಹೊಲದಾಗೆ. ಸತ್ತು ಬಿದ್ದಾವೆ, ಬಂದು ನೋಡ್ರಿ ಇಲ್ಲಿ."

ಉಚ್ಚಂಗಪ್ಪ ಬಂದು ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಆಮೇಲೆ ಹೇಳಿದ: "ಬ್ಯಾಸಗೇಲಿ ಕೆರೆ ಬತ್ತಿದಾಗ ಕೆಸರಿನೊಳಗೆ ಹೂತ್ಕಂಡು ಮಲಗ್ತವೆ. ಮಳೆ ಬಿದ್ರೆ ಎದ್ದು ಬರ್ತವೆ. ನಮ್ಮಪ್ಪ ಹೇಳ್ತಿದ್ದ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೊಳೀಲಿಲ್ಲ."

ಅವಳಿಗೂ ಗೊತ್ತಿರಲಿಲ್ಲವೆಂದಲ್ಲ. ತವರಿನ ಕೆರೆಯಲ್ಲಿ ಮೊದಲ ಮಳೆಯ ಮಾರನೆಯ ದಿನ ಆಮೆಗಳು ಕೆಸರಿನಿಂದೇಳುವುದನ್ನು ಲಂಗ ತೊಟ್ಟ ಕಾಲದಲ್ಲಿ ನೋಡಿದ್ದಳು. ಅರ್ಜಿ ಬರೆದಾಗ, ಸಾಹೇಬರನ್ನು ಕರೆತಂದು ಕೆರೆ ತೋರಿಸಿದಾಗ, ಮಿಷನ್ನಿಗೆ ಅರಿಸಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಾಗ ಅದು ಒಮ್ಮೆಯೂ ನೆನಪಾಗಿರಲಿಲ್ಲ.

ಅಷ್ಟರಲ್ಲಿ ಹಳ್ಳದಾಚೆಯ ಹೊಲದಲ್ಲಿ ಟ್ರ್ಯಾಕ್ಟರ್ ಶುರುವಾದ ಸದ್ದು ಕೇಳಿತು. ಮಳೆ ಬಿದ್ದಿದೆ, ಇವತ್ತು ಊರಿಗೆ ಊರೇ ಗೋಡು ಹರವುತ್ತದೆ. ಒಂದೊಂದು ಹೊಲದಲ್ಲೂ ಗುಡ್ಡೆಗಳು. ಗುಡ್ಡೆಗಳೊಳಗೆ ಏಳಲೋ ಬೇಡವೋ ಎಂದು ಕಾದಿರುವ ಜೀವಗಳು. ಟ್ರ್ಯಾಕ್ಟರ್‌ನ ಹಿಂದೆ ರೋಟವೇಟರ್ ಸುತ್ತುತ್ತಾ ಬರುತ್ತದೆ. ಅದರ ಬ್ಲೇಡಿನ ಕೆಳಗೆ ಹೆಂಟೆಯೂ ಒಂದೇ, ಆಮೆಯೂ ಒಂದೇ.

"ನಮ್ಮ ಗುಡ್ಡೆ ನೀವು ಒಡೀರಿ. ಮೆಲ್ಲಗೆ, ಕೈಯಲ್ಲಿ. ಸಿಕ್ಕಿದ್ನ ದನದ ಬಾನೀಲಿ ಕೆಸರು ಹಾಕಿ ಬಿಡ್ರಿ," ಎಂದವಳೇ ಕೆರೆಯ ಕಡೆ ಓಡಿದಳು. ಉಚ್ಚಂಗಪ್ಪ ಹಿಂದಿನಿಂದ ಏನೋ ಕೂಗಿದ. ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಕೆರೆಯಂಗಳದಲ್ಲಿ ಜೆಸಿಬಿ ಆಗಲೇ ಕೆಲಸಕ್ಕಿಳಿದಿತ್ತು. ಅದನ್ನು ಓಡಿಸುತ್ತಿದ್ದವನು ಮಾಳೇಶ, ಶಿಕಾರಿಪುರದ ಕಡೆಯವನು, ಮೂವತ್ತರ ಆಸುಪಾಸು. ಲೋಕಮ್ಮ ಕೈಬೀಸುತ್ತಾ ಮುಂದೆ ಬಂದು ನಿಂತದ್ದು ಕಂಡು ಎಂಜಿನ್ ನಿಲ್ಲಿಸಿ ಕೆಳಗಿಳಿದ.

"ಆಮೆ ಬರ್ತಾವೇನಪ್ಪ ಬಕೆಟ್ಟಲ್ಲಿ?"

ಮಾಳೇಶ ತಲೆ ಕೆರೆದುಕೊಂಡ. "ಮೊದ್ಲ ದಿನದಿಂದ್ಲೂ ಬರ್ತಾ ಅದಾವ್ರೀ ಅಕ್ಕಾರೆ."

"ಮತ್ತೆ ಒಂದು ಮಾತು ಹೇಳಬಾರದಾ?"

"ಯಾರಿಗೆ ಹೇಳಬೇಕಿತ್ರೀ? ಮೊದ್ಲು ಒಂದೆರಡು ಇಳಿದು ಎತ್ತಿ ಆಕಡೆ ಬಿಟ್ಟೆ. ಸೂಪರ್‌ವೈಸರ್ ಬೈದ. ಲೋಡಿಂಗಿನ ಹುಡುಗರು ಒಂದಿಷ್ಟು ಅಡಿಗೆಗೆ ಒಯ್ದ್ರು. ಆಮ್ಯಾಲೆ ನಾನು ನೋಡೋದೇ ಬಿಟ್ಟೆ. ನೋಡಿದ್ರೆ ಲಿವರ್ ಎಳಿಯಾಕ ಕೈ ಬರಲ್ರೀ."

ಕೆಲಸ ನಿಲ್ಲಿಸು ಎಂದು ಹೇಳಲು ಬಂದವಳು ಕೆರೆಯತ್ತ ತಿರುಗಿ ನೋಡಿದಳು. ಕೆರೆಯ ಅರ್ಧ ಇನ್ನೂ ಹಾಗೇ ಇತ್ತು. ಮುಂಗಾರು ಯಾವಾಗ ಬೇಕಾದರೂ ಹಿಡಿದುಕೊಳ್ಳಬಹುದು. ಈ ಮಿಷನ್ ಹೋದರೆ ಮತ್ತೆ ಬರುವ ಭರವಸೆಯಿಲ್ಲ. ಅವಳು ಚೌಡೇಶನಿಗೆ ಫೋನ್ ಹಚ್ಚಿದಳು.

"ಆಮೇನಾ?" ಎಂದ ಚೌಡೇಶ್. ನಕ್ಕದ್ದು ಕೇಳಿಸಿತು. "ನೋಡ್ರೀ ಮೇಡಂ, ಹೂಳು ತೆಗೀರಿ ಅಂದೋರು ನೀವು, ತಗೀಬೇಡಿ ಅನ್ನೋರೂ ನೀವು. ಮಿಷನ್ ನಿಂತ್ರೆ ನಾನು ಎತ್ತಿಸ್ಕೊಂಡು ಹೋಗೋನೇ. ಶಿಕಾರಿಪುರದ ಕಡೆ ಇನ್ನೊಂದು ಕೆರೆ ಕಾಯ್ತಾ ಐತಿ."

ಸೊರಬದ ಅರಣ್ಯ ಕಚೇರಿಗೂ ಫೋನ್ ಮಾಡಿದಳು. ಎತ್ತಿಕೊಂಡವರು, ತಿನ್ನಲು ಒಯ್ದರೆ ಅದು ಅಪರಾಧ, ಸಿಕ್ಕಿದ್ದನ್ನು ಅದೇ ಕೆರೆಗೇ ಬಿಡಿ, ಒಬ್ಬ ಗಾರ್ಡನನ್ನು ಕಳಿಸುತ್ತೇವೆ ಎಂದರು. ಗಾರ್ಡು ಬರುವಷ್ಟರಲ್ಲಿ ಇಲ್ಲಿ ಎಷ್ಟು ಟಿಪ್ಪರ್ ತುಂಬಿರುತ್ತದೋ.

ಲೋಕಮ್ಮ ಏರಿಯ ಮೇಲೆ ನಿಂತು ಕೆರೆಯನ್ನು ನೋಡಿದಳು. ನಡುವಿನ ಭಾಗ ಬಿಸಿಲಿಗೆ ಬಾಯಿಬಿಟ್ಟು ಬಿರುಕು ಬಿಟ್ಟಿತ್ತು. ಮೂಡಣ ಮೂಲೆಯಲ್ಲಿ ಮಾತ್ರ ಜೊಂಡು ಬೆಳೆದು, ಬೇಸಿಗೆಯಿಡೀ ಪಸೆ ಆರದ ಕೆಸರು. ಬೆಳ್ಳಕ್ಕಿಗಳು ಅಲ್ಲಿ ಇಳಿದಿದ್ದವು. ನಿನ್ನೆಯ ಮಳೆಗೆ ತೊಳೆದಿಟ್ಟಂತಿದ್ದ ಜೊಂಡಿನ ಮೇಲೆ ಬಿಸಿಲು ಬಿದ್ದು ಇಡೀ ಮೂಲೆ ತಳತಳಿಸುತ್ತಿತ್ತು. ಇಷ್ಟು ದಿನ ಆ ಮೂಲೆಯನ್ನು ಅವಳು ನೋಡಿದ್ದು ತೆಗೆದು ಹಾಕಬೇಕಾದ ಹೂಳೆಂದೇ.

"ಮಾಳೇಶ, ಆ ಜೊಂಡಿನ ಮೂಲೆಗೆ ಹೋಗಬೇಡ. ನಡುವೆ ತೆಗಿ. ನಿನ್ನ ಬಕೆಟ್ಟಿಗಿಂತ ಮುಂಚೆ ನಮ್ಮ ಜನ ಕೋಲು ಹಿಡ್ಕಂಡು ಕೆಸರು ತಿವಿದು ನೋಡ್ತಾ ನಡೀತಾರೆ. ಅವರು ಹೂಂ ಅಂದ ಜಾಗಕ್ಕೆ ಮಾತ್ರ ಬಕೆಟ್ ಇಳಿಸು."

"ಚೌಡೇಶಣ್ಣಂಗೆ ಏನ್ ಹೇಳ್ಲೀ?"

"ಮಿಷನ್ ನಿಂತಿಲ್ಲ ಅಂತ ಹೇಳು."

ಸ್ತ್ರೀಶಕ್ತಿ ಸಂಘದ ಮಹಾದೇವಮ್ಮನ ಮನೆ ಏರಿಯ ಕೆಳಗೇ ಇತ್ತು. ಅವಳು ಲೋಕಮ್ಮನ ಹಳೆಯ ಗೆಳತಿ. ರೊಟ್ಟಿ ತಟ್ಟುತ್ತಿದ್ದವಳು ಹೇಳಿದ್ದು ಪೂರ್ತಿ ಕೇಳಿಸಿಕೊಂಡು, "ನಿಂಗೆ ಒಂದು ಗಳಿಗೆ ಸುಮ್ನೆ ಕೂರಾಕೆ ಬರಲ್ಲ ಅಲ್ಲಾ ಮಾರಾಯ್ತಿ," ಎಂದು ಬೈಯುತ್ತಲೇ ಒಲೆ ಆರಿಸಿ, ಬಿದಿರಿನ ಗಳು ಹಿಡಿದು, ಇನ್ನಿಬ್ಬರು ಹೆಂಗಸರನ್ನು ಕೂಗಿ ಕರೆದುಕೊಂಡು ಕೆರೆಗಿಳಿದಳು.

ಲೋಕಮ್ಮ ಹೊಲಗಳ ಕಡೆ ತಿರುಗಿದಳು. ಒಂದೆರಡು ಕಡೆ ಮಾತು ನಡೆಯಿತು. ಬಿತ್ತನೆಯ ಗಡಿಬಿಡಿಯಲ್ಲೂ ಜನ ನಿಂತು, ಗುಡ್ಡೆ ಒಡೆದು ನೋಡಿದರು. ಒಬ್ಬರ ಹೊಲದಲ್ಲಿ ಏನೂ ಸಿಗಲಿಲ್ಲ. ಇನ್ನೊಬ್ಬರದರಲ್ಲಿ ಸಿಕ್ಕಿದ್ದೆಲ್ಲ ಸತ್ತದ್ದು. ಅವಳ ಬೆರಳ ಸಂದಿಯಲ್ಲಿ ಗೋಡು ಒಣಗಿ ಚರ್ಮ ಬಿಗಿಯತೊಡಗಿತ್ತು. ಒಂದು ಗುಡ್ಡೆ ಬಗೆಯುವಾಗ ಇನ್ನೊಂದು ಹೊಲದ ಟ್ರ್ಯಾಕ್ಟರ್ ಸದ್ದು ಕಿವಿಗೆ ಬೀಳುತ್ತಿತ್ತು, ಅಲ್ಲಿಗೆ ಓಡಿದರೆ ಬಿಟ್ಟು ಬಂದ ಗುಡ್ಡೆ ನೆನಪಾಗುತ್ತಿತ್ತು.

ಹಳ್ಳದಾಚೆಯ ಹೊಲ ಕೆಂಪಪ್ಪನದು. ವರಸೆಯಲ್ಲಿ ಗಂಡನಿಗೆ ಅಣ್ಣನಾಗಬೇಕು. ಅವನು ತಾನೇ ಟ್ರ್ಯಾಕ್ಟರ್ ಮೇಲೆ ಕೂತಿದ್ದ. ಅರ್ಧ ಹೊಲ ಆಗಲೇ ಹರವಿ ಆಗಿತ್ತು. ಆ ಅರ್ಧದ ಕಡೆ ನೋಡುವ ಧೈರ್ಯ ಲೋಕಮ್ಮನಿಗೆ ಬರಲಿಲ್ಲ.

"ಭಾವ, ಒಂಚೂರು ನಿಲ್ಸಿ."

ಹೇಳಿದ್ದನ್ನು ಕೇಳಿ ಕೆಂಪಪ್ಪನ ಮುಖ ಕೆಂಪೇರಿತು. "ಆಮೆಗೋಸ್ಕರ ಬಿತ್ತನೆ ನಿಲ್ಸಬೇಕಾ? ನಾಲ್ಕು ವರ್ಷ ಹೂಳು ಹೂಳು ಅಂತ ಬಡ್ಕಂಡೋಳು ನೀನೇ. ಮನೆ ಮನೆಗೂ ಬಂದು ಗೋಡು ಹಾಕ್ಸಿ ಅಂದೋಳು ನೀನೇ. ಈಗ ಅದ್ನ ಮುಟ್ಟಬ್ಯಾಡ ಅಂತೀಯಲ್ಲ!"

"ಅಂದಿದ್ದು ನಾನೇ, ಭಾವ. ಅದಕ್ಕೇ ಬಂದೀನಿ. ಗುಡ್ಡೆ ನಾನೇ ಒಡೀತೀನಿ, ನಿಮಗೆ ಕೆಲಸ ಹಚ್ಚಲ್ಲ."

"ಟ್ರ್ಯಾಕ್ಟರ್ ಸಂಜೆಗೆ ಇನ್ನೊಬ್ಬರ ಹೊಲಕ್ಕೆ ಹೋಗೋದು ಐತೆ."

"ಮಧ್ಯಾಹ್ನದವರೆಗೆ ಬಿಡಿ ಹಂಗಾರೆ."

ಕೆಂಪಪ್ಪ ಎಂಜಿನ್ ಆರಿಸಿ, ಬೇಲಿಯ ನೆರಳಿಗೆ ಹೋಗಿ ಎಲೆಯಡಿಕೆ ಹಾಕಿಕೊಂಡು ಕೂತ. ಒಂದು ಹೆಂಟೆಗೂ ಕೈ ಹಚ್ಚಲಿಲ್ಲ. ಲೋಕಮ್ಮ ಒಂದೊಂದೇ ಗುಡ್ಡೆಗೆ ಮಂಡಿಯೂರಿ, ಮೇಲಿನ ಗಟ್ಟಿ ಪದರವನ್ನು ಗುದ್ದಲಿಯ ಹಿಂಬದಿಯಿಂದ ಒಡೆದು, ಒಳಗಿನದನ್ನು ಕೈಯಿಂದ ಬಗೆದಳು. ಬದುಕಿದ್ದದ್ದು ಸಿಕ್ಕರೆ ಗೊಬ್ಬರದ ಖಾಲಿ ಚೀಲಕ್ಕೆ. ಮೋಡದ ಸಂದಿನ ಬಿಸಿಲು ಬೆನ್ನಿಗೆ ಚುರ್ರೆನ್ನುತ್ತಿತ್ತು. ಹೊಲದ ಆ ತುದಿಯ ಗುಡ್ಡೆಗಳು ಉಳಿದಿರುವಾಗಲೇ ಕೆಂಪಪ್ಪ ಎದ್ದು ಪಂಚೆ ಕೊಡವಿಕೊಂಡ.

"ಇನ್ನೊಂದು ಸ್ವಲ್ಪ ಭಾವ."

"ಮಾತು ಮಾತೇ."

ಟ್ರ್ಯಾಕ್ಟರ್ ಶುರುವಾಯಿತು. ಲೋಕಮ್ಮ ಚೀಲವನ್ನು ಹೆಗಲಿಗೇರಿಸಿ ಬೆನ್ನು ಹಾಕಿ ನಡೆದಳು. ಹಿಂದೆ ರೋಟವೇಟರ್‌ನ ಸದ್ದು ಒಮ್ಮೆ ಒರಟಾಗಿ, ಮತ್ತೆ ಸರಾಗವಾಯಿತು. ಕಲ್ಲಿಗೆ ತಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಹಳ್ಳ ದಾಟುವವರೆಗೂ ಅದನ್ನೇ ಹೇಳಿಕೊಂಡಳು.

ಸಂಜೆ ದನದ ಹಟ್ಟಿಯ ಕಲ್ಲುಬಾನಿಯಲ್ಲಿ ಆಮೆಗಳು ಕೆಸರು ಕಲಕುತ್ತಿದ್ದವು. ಉಚ್ಚಂಗಪ್ಪ ತನ್ನ ಹೊಲದ ಗುಡ್ಡೆಗಳನ್ನೆಲ್ಲ ಒಡೆದು ತಂದಿದ್ದ. ಮಹಾದೇವಮ್ಮನ ಕಡೆಯಿಂದ ಒಂದು ಪುಟ್ಟಿ ಬಂದಿತ್ತು. ಕತ್ತಲಾಗುವ ಮುಂಚೆ ಕೆಂಪಪ್ಪ ಅಂಗಳಕ್ಕೆ ಬಂದ. ಕೈಯಲ್ಲೊಂದು ಟವೆಲ್ ಗಂಟು, ಒಳಗೆ ಏನೋ ಮಿಸುಕಾಡುತ್ತಿತ್ತು.

"ಒಂದು ಸಿಕ್ತು. ತಗ. ಚಿಪ್ಪಿನ ಅಂಚು ಒಡೆದೈತೆ, ಬದುಕ್ತದೋ ಇಲ್ವೋ," ಎಂದು ಗಂಟು ಬಿಚ್ಚಿದ. ಲೋಕಮ್ಮ ಏನಾದರೂ ಹೇಳುವ ಮೊದಲೇ ತಿರುಗಿ, "ಇನ್ನು ನನ್ನ ಹೊಲಕ್ಕೆ ಬರಬ್ಯಾಡ," ಎಂದು ಹೊರಟುಹೋದ.

ಒಡೆದ ಚಿಪ್ಪಿಗೆ ಅರಿಸಿನ ಹಚ್ಚಿದಳು. ಆಮೆಗೆ ಅರಿಸಿನ ಆಗುತ್ತದೋ ಇಲ್ಲವೋ ಅವಳಿಗೆ ತಿಳಿಯದು. ಬೇರೇನು ಮಾಡಬೇಕೆಂದೂ ತಿಳಿಯದು. ಎರಡು ದಿನ ಅದು ಕತ್ತು ಹೊರಹಾಕದೆ ಇದ್ದು ಸತ್ತಿತು.

ಆ ವಾರವಿಡೀ ಲೋಕಮ್ಮ ಕೆರೆ ಮತ್ತು ಹೊಲಗಳ ನಡುವೆ ಓಡಾಡಿದಳು. ಅನ್ನದ ತಟ್ಟೆಯ ಮುಂದೆ ಕೂತರೂ ಕಿವಿ ಹೊರಗಿರುತ್ತಿತ್ತು. ಗಾರ್ಡು ಬಂದ, ಬಾನಿಯ ಫೋಟೋ ತೆಗೆದುಕೊಂಡ, ಲೋಡಿಂಗಿನ ಹುಡುಗರಿಗೆ ಗದರಿಸಿ ಹೋದ. ಗಳು ಹಿಡಿದ ಹೆಂಗಸರು ಮುಂದೆ, ಬಕೆಟ್ ಹಿಂದೆ. ಕೆಲಸ ನಿಧಾನವಾಗಿ ಸಾಗಿತು. ಮೋಡ ದಟ್ಟೈಸಿದಾಗ ಚೌಡೇಶ್ ಮಿಷನ್ನನ್ನು ಲಾರಿಗೆ ಹತ್ತಿಸಿದ. ಜೊಂಡಿನ ಮೂಲೆ ಹಾಗೆಯೇ ಉಳಿಯಿತು.

ಏರಿಯ ಮೇಲಿನ ಅರಳಿಕಟ್ಟೆಯಲ್ಲಿ ಸಂಘದ ಸಭೆ ಸೇರಿತು. ಕೆರೆ ಪೂರ್ತಿಯಾಗಲಿಲ್ಲ ಎಂಬುದೇ ಎಲ್ಲರ ಬಾಯಲ್ಲಿ. "ಮೂಲೆ ಬಿಡಾಕೆ ಇವಳು ಯಾರನ್ನ ಕೇಳಿದ್ಲು?" ಎಂದರು ಯಾರೋ. ಆ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಯಾರನ್ನೂ ಕೇಳಿರಲಿಲ್ಲ.

ಲೋಕಮ್ಮ ಎದ್ದು ನಿಂತಳು. "ಕೇಳಲಿಲ್ಲ, ತಪ್ಪು. ಮೂಲೆ ಬಿಟ್ಟಿದ್ದು ತಪ್ಪಲ್ಲ. ಕೆರೆ ನಮಗೆ ನೀರು ಕೊಡ್ತದೆ, ನಿಜ. ಅದು ನಮ್ಮೊಬ್ಬರದೇ ಮನೆ ಅಂತ ನಾನೂ ಅನ್ಕಂಡಿದ್ದೆ. ಇನ್ನು ಅನ್ಕಳಾಕೆ ಆಗಲ್ಲ ನನಗೆ. ಮುಂದಿನ ಸಲ ತೆಗಿಯೋದಿದ್ರೆ ಮೊದ್ಲು ಜನ ನಡೆದು ನೋಡಬೇಕು, ಆಮೇಲೆ ಮಿಷನ್. ಇಷ್ಟು ಬರ್ಕಳಿ."

ಬರೆದುಕೊಂಡರು. ಹೊಸ ಅಧ್ಯಕ್ಷನಾಗಿ ಕೆಂಪಪ್ಪನನ್ನೂ ಬರೆದುಕೊಂಡರು. ಮಹಾದೇವಮ್ಮ ಜಗಳಕ್ಕೆ ನಿಲ್ಲಲು ಹೋದಳು. ಲೋಕಮ್ಮ ಅವಳ ರಟ್ಟೆ ಹಿಡಿದು ಕೂರಿಸಿದಳು.

ಮಾರನೆಯ ದಿನ ಮಳೆ ಚೆನ್ನಾಗಿ ಹೊಡೆಯಿತು. ತೂಬಿನ ಬಳಿ ಮೊಣಕಾಲುದ್ದ ಕೆಂಪು ನೀರು ನಿಂತಾಗ ಗಂಡ ಹೆಂಡತಿ ಬಾನಿಯ ಆಮೆಗಳನ್ನು ಪುಟ್ಟಿಯಲ್ಲಿ ಹೊತ್ತು ತಂದು ಜೊಂಡಿನ ಅಂಚಿಗೆ ಬಿಟ್ಟರು. ಕೆಲವು ಕೂಡಲೇ ನೀರಿಗಿಳಿದವು. ಕೆಲವು ಕತ್ತು ಚಾಚಿ ಗಾಳಿ ಮೂಸುತ್ತಾ ನಿಂತವು. ಒಂದು ಮಾತ್ರ ತಿರುಗಿ ಅವಳ ಕಾಲ ಕಡೆಗೇ ಬಂತು. ಉಚ್ಚಂಗಪ್ಪ ಅದನ್ನು ಎತ್ತಿ ನೀರಿನ ಕಡೆ ಮುಖ ಮಾಡಿಟ್ಟ. ಹನಿ ಬಿದ್ದಲ್ಲೆಲ್ಲ ನೀರಿನ ಮೇಲೆ ಉಂಗುರ ಏಳುತ್ತಿತ್ತು. ಆ ಉಂಗುರಗಳ ನಡುವೆ ಅಲ್ಲೊಂದು ಇಲ್ಲೊಂದು ಕೊಳವೆಮೂಗು ಮೇಲೆದ್ದು, ಉಸಿರೆಳೆದು, ಮುಳುಗುತ್ತಿತ್ತು. ಸತ್ತವು ಎಷ್ಟಿದ್ದವೋ, ಅವಳ ಮನಸ್ಸು ಅವುಗಳ ಕಡೆಗೇ ಹೋಗುತ್ತಿತ್ತು. ಆದರೂ ಕಣ್ಣು ಅಲ್ಲಿಂದ ಕೀಳಲಾಗಲಿಲ್ಲ. ಇಷ್ಟು ಚಂದದ್ದು ಇಷ್ಟು ವರ್ಷ ತನ್ನ ಕಾಲ ಕೆಳಗೇ ಇತ್ತು!

"ಈಗಾದ್ರೂ ಸಮಾಧಾನ ಆತಾ?" ಎಂದ ಉಚ್ಚಂಗಪ್ಪ.

"ಇಲ್ಲ," ಎಂದಳು.

ಎರಡು ದಿನ ಕಳೆದು, ದನಕ್ಕೆ ಹುಲ್ಲು ಹಾಕುತ್ತಿದ್ದಾಗ ಫೋನ್ ಬಂತು. ಮಾಳೇಶ. ಹಿಂದೆ ಎಂಜಿನ್ ಸದ್ದಿರಲಿಲ್ಲ.

"ಅಕ್ಕಾರೆ, ಶಿಕಾರಿಪುರದ ಕಡೆ ಕೆರೆಗೆ ಬಂದೀನ್ರೀ. ಇಲ್ಲಿ ಮಳೆ ಇನ್ನೂ ಬಿದ್ದಿಲ್ಲ, ಕೆಸರು ಗಟ್ಟಿ ಐತಿ. ಬಕೆಟ್ ಇಳಿಸಿದ್ನಿ, ಒಂದು ಬಂತು. ಮಿಷನ್ ಆಫ್ ಮಾಡಿ ಕುಂತೀನಿ. ಊರವರು ಸುತ್ತ ಸೇರ್ಯಾರ. ಏನ್ ಹೇಳ್ಲಿ ಇವ್ರಿಗೆ?"

"ಎಂತದೂ ಹೇಳಬೇಡ. ಮಿಷನ್ ಕೆಟ್ಟೈತೆ ಅನ್ನು. ನಾನು ಬರ್ತೀನಿ."

"ನೀನು ಅಧ್ಯಕ್ಷೆನೂ ಅಲ್ಲ, ಅದು ನಮ್ಮೂರೂ ಅಲ್ಲ," ಎಂದ ಉಚ್ಚಂಗಪ್ಪ ಜಗಲಿಯಿಂದಲೇ.

"ಹೌದು," ಎಂದಳು ಲೋಕಮ್ಮ, ಬಿದಿರಿನ ಗಳುವನ್ನು ಮಾಡಿನಿಂದ ಎಳೆಯುತ್ತಾ. ಹೋಗುತ್ತಾ ಮಹಾದೇವಮ್ಮನಿಗೆ ಅವಳ ಮನೆಯ ಬೇಲಿಯಾಚೆಯಿಂದಲೇ ಕೂಗು ಹಾಕಿದಳು. ಇಬ್ಬರೂ ರಸ್ತೆಗೆ ಬರುವಷ್ಟರಲ್ಲಿ ಶಿಕಾರಿಪುರದ ಬಸ್ಸು ತಿರುವಿನಲ್ಲಿ ಕಾಣಿಸಿತು. ಉದ್ದದ ಗಳು ನೋಡಿ ಕಂಡಕ್ಟರ್ ತಕರಾರು ತೆಗೆದ. ಅವನ ಜೊತೆ ವಾದಿಸುತ್ತಲೇ ಇಬ್ಬರೂ ಒಳಗೆ ಹತ್ತಿದರು.